ಬೊಂಬೆ ಚಾಡಿ ಹೇಳುವುದಿಲ್ಲ

ನಮ್ಮ ಶಾಲೆಯ ನಾಲ್ಕನೇ ತರಗತಿಯ ಟೀಚರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಹಾಜರಿ ಪುಸ್ತಕಕ್ಕಷ್ಟೇ. ಮಕ್ಕಳಿಗೆ, ಗೇಟಿನ ಕಾವಲುಗಾರನಿಗೆ, ಕೊನೆಗೆ ನನಗೂ ಆಕೆ ಬೊಂಬೆ ಟೀಚರ್. ನಾನು ಪಕ್ಕದ ಐದನೇ ತರಗತಿಗೆ ಲೆಕ್ಕ ಹೇಳಿಕೊಡುವವನು. ನಮ್ಮ ಎರಡು ಕೋಣೆಗಳ ನಡುವೆ ಹಲಗೆಯ ಅಡ್ಡಗೋಡೆಯಿದೆ, ಅದೂ ಮೇಲೆ ಸೂರಿಗೆ ಮುಟ್ಟುವುದಿಲ್ಲ. ಹಾಗಾಗಿ ಅವರ ಪಾಠವೆಲ್ಲ ನನ್ನ ಕಿವಿಗೆ, ನನ್ನ ಬೈಗುಳವೆಲ್ಲ ಅವರ ಮಕ್ಕಳ ಕಿವಿಗೆ.

ಆಕೆಯ ಅಪ್ಪ ದರ್ಜಿ. ಅಂಗಡಿಯ ಮೂಲೆಯಲ್ಲಿ ಕತ್ತರಿಸಿ ಬಿದ್ದ ಚಿಂದಿಗಳ ರಾಶಿಯ ಮೇಲೆ ಕೂತು ಓದಿ ಬೆಳೆದವರು ಈಕೆ. ಹೊಲಿದ ಬಟ್ಟೆ ತೊಡಿಸಿ ನೋಡಲು ಅಲ್ಲೊಂದು ಆಳೆತ್ತರದ ಬಟ್ಟೆಯ ಬೊಂಬೆ ನಿಂತಿರುತ್ತಿತ್ತು. ಒಮ್ಮೆ ಗೆಳತಿಯೊಂದಿಗೆ ಮಾತು ಬಿಟ್ಟು ಅಂಗಡಿಗೆ ಬಂದ ಹುಡುಗಿ ಮುಖ ಊದಿಸಿಕೊಂಡು ಕೂತಳಂತೆ, ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲವಂತೆ. ಅಪ್ಪ ಒಂದು ಚಿಂದಿ, ಒಂದು ಗುಂಡುಸೂಜಿ ಕೈಗಿಟ್ಟು, "ಹೇಳೋಕಾಗ್ದಿದ್ರೆ ಬೇಡ ಮಗಳೇ. ಎಲ್ಲಿ ನೋಯ್ತಿದೆ ಅಂತ ಬೊಂಬೆಗೆ ಚುಚ್ಚಿ ತೋರ್ಸು ಸಾಕು" ಎಂದರು. ಹುಡುಗಿ ಗಂಟಲಿಗೆ ಚುಚ್ಚಿದಳು. "ಓ, ಹಾಗಾದ್ರೆ ಅಳು ಅಲ್ಲೇ ಸಿಕ್ಕಾಕ್ಕೊಂಡಿದೆ" ಎಂದು ಅಪ್ಪ ಹೊಲಿಗೆ ಮುಂದುವರಿಸಿದರು. ಅಷ್ಟು ಹೇಳಿದ್ದೇ ತಡ, ಹುಡುಗಿ ಗೊಳೋ ಎಂದು ಅತ್ತು, ಹಗುರಾಗಿ, ಆಡಲು ಓಡಿದಳು.

ಅಪ್ಪನಿಗೆ ಕಣ್ಣು ಮಂದವಾಗಿ ಅಂಗಡಿ ಮುಚ್ಚಿದಾಗ ಈಕೆ ಕೇಳಿ ಪಡೆದದ್ದು ಆ ಬೊಂಬೆಯನ್ನು. ಸೊಂಟ ಹಿಡಿದು ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿದಾಗ ಕಂಡಕ್ಟರ್ ಗಂಭೀರವಾಗಿ, "ಇವ್ರು ಎಲ್ಲಿಗೆ?" ಎಂದನಂತೆ. "ನಾಲ್ಕನೇ ಕ್ಲಾಸಿಗೆ" ಎಂದರಂತೆ ಈಕೆ. ಬೊಂಬೆಗೆ ಆಗ ಕುತ್ತಿಗೆಯಷ್ಟೇ, ತಲೆ ಇರಲಿಲ್ಲ. ಹತ್ತಿ ತುಂಬಿ ತಲೆಯನ್ನೂ ಮೂಗನ್ನೂ ಹೊಲಿದದ್ದು ಆಮೇಲೆ.

ಪ್ರತಿ ಬೆಳಗ್ಗೆ ಮಕ್ಕಳು ಚಿಂದಿ ಆರಿಸಿಕೊಂಡು, ತಮಗೆ ಎಲ್ಲಿ ಏನಾಗುತ್ತಿದೆಯೋ ಬೊಂಬೆಯ ಆ ಜಾಗವನ್ನು ತೋರಿಸುತ್ತಾರೆ. ಸೂಜಿ ಚುಚ್ಚುವುದು ಟೀಚರ್ ಕೆಲಸ. ತಲೆಬಿಸಿಯಾದವರು ತಲೆಗೆ, ಎದೆ ಡವಡವ ಎನ್ನುವವರು ಎದೆಗೆ. "ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ ಸರ್. ಯಾವುದು ಎಲ್ಲಿರುತ್ತೆ ಅಂತ ನಮ್ಮ ಮಾತೇ ಹೇಳಿಬಿಟ್ಟಿದೆ" ಎನ್ನುತ್ತಿದ್ದರು. ನಿಯಮ ಒಂದೇ: ಬೊಂಬೆ ಚಾಡಿ ಹೇಳುವುದಿಲ್ಲ. ಅಲ್ಲಿ ಚುಚ್ಚಿದ್ದು ಅಲ್ಲಿಗೇ ಮುಗಿಯಿತು.

ನನಗಿದೆಲ್ಲ ಹುಡುಗಾಟ ಎನಿಸುತ್ತಿತ್ತು. ಏಳರ ಮಗ್ಗಿ ಬಾರದ ಮಗುವಿನ ಎದೆ ಡವಡವ ಎಂದರೆ ಮಗ್ಗಿ ಕಲಿಸಿ ಸ್ವಾಮಿ, ಎದೆ ತಾನಾಗಿ ಸುಮ್ಮನಾಗುತ್ತದೆ. ಆದರೆ ಕಂಡದ್ದನ್ನು ಇಲ್ಲ ಎನ್ನಲಾರೆ. ಮೊದಲು ಜುಟ್ಟು ಜುಟ್ಟು ಹಿಡಿದು ನನ್ನ ಬಳಿ ನ್ಯಾಯಕ್ಕೆ ಬರುತ್ತಿದ್ದ ಆ ತರಗತಿಯವರು ಈಗ ಬೊಂಬೆಯ ಬಳಿ ಓಡುತ್ತಿದ್ದರು. ಯಾರ ಚಿಂದಿ ಮೊದಲು ಎಂದು ಕಿತ್ತಾಡುವಷ್ಟರಲ್ಲಿ ಮೊದಲಿನ ಜಗಳ ಮರೆತೇ ಹೋಗುತ್ತಿತ್ತು. ಬೊಂಬೆಯ ಮೂಗಿನ ತುದಿಯಲ್ಲಿ ಮಾತ್ರ ಒಂದು ಕೆಂಪು ಚಿಂದಿ ಸದಾ ಇರುತ್ತಿತ್ತು. ಯಾರದೆಂದು ಕೇಳಿದೆ. "ನಿಮ್ಮದೇ ಸರ್, ಶಾಶ್ವತವಾಗಿ" ಎಂದಿತು ಒಂದು ಮಗು. ಸಿಟ್ಟು ಬಂತು, ಜೊತೆಗೆ ನಗುವೂ ಬಂತು.

ಹಾಗೆ ಹೇಳಿದವಳನ್ನು ನಾವು ಕರೆಯುತ್ತಿದ್ದುದು ಮೆಣಸಿನಕಾಯಿ ಎಂದು. ಗಾತ್ರ ಚೋಟುದ್ದ, ಬಾಯಿ ಮಾರುದ್ದ. ಅವಳಿಗೊಬ್ಬ ತಮ್ಮ ಹುಟ್ಟಿದ್ದ. ಆಮೇಲೆ ಅವಳ ಚಿಂದಿ ದಿನವೂ ಬೊಂಬೆಯ ಹೊಟ್ಟೆಗೇ ಬೀಳತೊಡಗಿತು. ಒಂದು ಸಂಜೆ ಮನೆಯಲ್ಲೂ ಬಾಯಿ ಬಿಟ್ಟು, "ಅಮ್ಮ, ನಂಗೆ ಹೊಟ್ಟೆ ಉರೀತಿದೆ" ಎಂದಳು.

ಅಮ್ಮ ಅದನ್ನು ಕೇಳಿದ ಬಗೆಯೇ ಬೇರೆ. ಅಂದಿನಿಂದ ಮಗುವಿಗೆ ಖಾರ ಬಂದ್, ಹುಳಿ ಬಂದ್, ಊಟಕ್ಕೆ ಮುಂಚೆ ಬಿಳಿ ಔಷಧಿ. ಮೆಣಸಿನಕಾಯಿ ಸಪ್ಪೆ ಊಟದ ಡಬ್ಬಿ ಹಿಡಿದು ಶಾಲೆಗೆ ಬರುವುದನ್ನು ನೋಡಿ ನಾವೆಲ್ಲ ನಕ್ಕೆವು. ಉರಿ ಮಾತ್ರ ಇಳಿಯಲಿಲ್ಲ. ಡಾಕ್ಟರು, ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡಿಬಿಡೋಣ, ನಾಳೆಯೇ ಬನ್ನಿ ಎಂದರು.

ಕೊಳವೆಯ ಮಾತು ಕೇಳಿ ಮಗು ಗಡಗಡ ನಡುಗಿದಳು. ಅವಳ ಅಪ್ಪ ಲಾರಿ ಚಾಲಕ. ಹೆಂಡತಿ, ಕೂಸು, ಮಗಳು ಎಲ್ಲರನ್ನೂ ಕರೆದುಕೊಂಡು ನೇರ ಹೆಡ್‌ಮೇಡಂ ಕೋಣೆಗೆ ನುಗ್ಗಿದರು. "ನಿಮ್ಮ ಶಾಲೆ ನೀರು ಕುಡಿದೇ ಹಿಂಗಾಗಿದೆ. ಟ್ಯಾಂಕ್ ತೊಳ್ಸಿ ಎಷ್ಟು ಕಾಲ ಆಯ್ತು, ಹೇಳಿ" ಎಂದರು. ಟ್ಯಾಂಕಿನ ಉಸ್ತುವಾರಿ ನನ್ನದು, ಹಾಗಾಗಿ ನನಗೂ ಕರೆ ಬಂತು. ಹಿಂದೆಯೇ ಬೊಂಬೆ ಟೀಚರಿಗೂ.

ಹೆಡ್‌ಮೇಡಂ ನೇರವಾಗಿ ಕೇಳಿದರು. "ನಿಮ್ಮ ಬೊಂಬೆ ಹತ್ರ ದಿನಾ ಹೊಟ್ಟೆ ತೋರಿಸ್ತಾಳಂತೆ. ಯಾಕೆ ಅಂತ ನಿಮಗೆ ಗೊತ್ತಿರಬೇಕಲ್ಲ?"

"ಗೊತ್ತು ಮೇಡಂ. ಆದ್ರೆ ಅದು ಅವಳ ಮಾತು, ನಾನು ಹೇಳೋ ಹಾಗಿಲ್ಲ."

"ಹಾಗಾದ್ರೆ ಸಂಜೆಯೊಳಗೆ ಆ ಬೊಂಬೆ ಶಾಲೆಯಿಂದ ಆಚೆ ಹೋಗಬೇಕು."

ಟೀಚರ್ ಮುಖ ಸಣ್ಣದಾಯಿತು. ಒಂದು ಮಾತು ಆಡಿದ್ದರೆ ಬೊಂಬೆ ಉಳಿಯುತ್ತಿತ್ತು. ಆದರೆ ಆಕೆ ಮಗುವಿನತ್ತ ಬಾಗಿ, "ಕೊಳವೆ ಬೇಕೋ, ಬೇಡವೋ, ನೀನೇ ಹೇಳ್ತೀಯಾ ಪುಟ್ಟಾ? ಬೊಂಬೆ ಕರ್ಕೊಂಡು ಬರ್ಲಾ?" ಎಂದಷ್ಟೇ ಕೇಳಿದರು. ಮಗು ಹೂಂ ಎಂದು ತಲೆಯಾಡಿಸಿದಳು. ಬೊಂಬೆಯನ್ನು ಎತ್ತಿಕೊಂಡು ಬಂದದ್ದು ನಾನೇ. ಭಾರ ಇತ್ತು, ಮೂಗಿನ ಮೇಲಿನ ನನ್ನ ಚಿಂದಿಯೂ ದಾರಿಯಲ್ಲಿ ನನ್ನನ್ನೇ ದಿಟ್ಟಿಸುತ್ತಿತ್ತು.

ಮೆಣಸಿನಕಾಯಿ ಬೊಂಬೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. "ನೋಡಿ, ಹೊಟ್ಟೆನೇ" ಎಂದರು ಅಪ್ಪ.

"ಹೊಟ್ಟೆನೇ. ಆದ್ರೆ ಊಟದ್ದಲ್ಲ" ಎಂದಳು ಮಗು. ಅಮ್ಮನ ತೋಳಿನಲ್ಲಿದ್ದ ಕೂಸಿನತ್ತ ಬೆರಳು ಮಾಡಿದಳು. "ಅದು. ಅದನ್ನ ನೋಡಿದ್ರೆ ಉರಿಯುತ್ತೆ."

ಅಪ್ಪ ಕುರ್ಚಿಯಲ್ಲಿ ಕುಸಿದು ನಗತೊಡಗಿದರು. "ಹೊಟ್ಟೆಕಿಚ್ಚಿಗೆ ನಾವು ಔಷಧಿ ಕುಡಿಸ್ತಿದ್ವಲ್ಲ, ಕರ್ಮ" ಎಂದು ಹಣೆ ಬಡಿದುಕೊಂಡರು. ನಾನು ನಕ್ಕೆ, ಹೆಡ್‌ಮೇಡಂ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬೊಂಬೆ ಇರ್ಲಿ ಬಿಡಿ" ಎಂದು ಟೀಚರಿಗೆ ಮೆಲ್ಲಗೆ ಹೇಳಿದ್ದೂ ಕೇಳಿಸಿತು. ಕೊಳವೆಯೂ ಬೇಡ, ಔಷಧಿಯೂ ಬೇಡ, ಇವತ್ತೇ ಖಾರ ತಿನ್ನು ಮಗಳೇ ಎಂದರು ಅಪ್ಪ.

ಎಲ್ಲ ಸರಿಹೋಯಿತು ಎಂದು ನಾನು ಬೊಂಬೆಯನ್ನು ಎತ್ತಲು ಹೋದೆ. ಟೀಚರ್ ನನ್ನ ಕೈ ತಡೆದರು. ಮಗು ನಗುತ್ತಿರಲಿಲ್ಲ. ತನ್ನ ಚಿಂದಿಯನ್ನು ಹೊಟ್ಟೆಯಿಂದ ಕಿತ್ತು ಬೊಂಬೆಯ ಗಂಟಲಿಗೆ ಒತ್ತಿ ಹಿಡಿದು ನಿಂತಿದ್ದಳು.

"ಇನ್ನೇನು ಪುಟ್ಟಾ?" ಎಂದರು ಟೀಚರ್.

ಅವಳು ಅಮ್ಮನನ್ನು ನೋಡಿದಳು. "ಔಷಧಿ ಕುಡಿದ್ಮೇಲೆ ದಿನಾ ಪಕ್ಕದಲ್ಲಿ ಮಲಗಿ ಹೊಟ್ಟೆ ಸವರ್ತಿದ್ಯಲ್ಲ. ಇನ್ಮೇಲೆ ಸವರಲ್ವಾ?"

ಈ ಮಗು ಅಷ್ಟು ದಿನ ಸಪ್ಪೆ ಊಟವನ್ನು ಬಾಯಿ ಮುಚ್ಚಿಕೊಂಡು ಯಾಕೆ ತಿಂದಳೆಂದು ನನಗೆ ಆಗ ಹೊಳೆಯಿತು. ಕರುಳು ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಅಮ್ಮ ಕೂಸನ್ನು ಗಂಡನ ತೋಳಿಗೆ ದಾಟಿಸಿದರು. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಅಲ್ಲೇ, ಎಲ್ಲರೆದುರಿಗೇ, ಹೊಟ್ಟೆ ಸವರತೊಡಗಿದರು.

"ಉರಿ ಇದ್ರೂ ಸವರ್ತೀನಿ, ಇಲ್ದಿದ್ರೂ ಸವರ್ತೀನಿ ಕಣೇ" ಎಂದರು.

ಲಾರಿಯನ್ನು ಗುಡ್ಡ ಹತ್ತಿಸುವ ಅಪ್ಪನಿಗೆ ಕೂಸು ಹಿಡಿಯಲು ಬರುತ್ತಿರಲಿಲ್ಲ. ಅದು ಕಿರುಚಿತು, ಅಂಗಿ ಒದ್ದೆ ಮಾಡಿತು. ಮೆಣಸಿನಕಾಯಿ ಅಮ್ಮನ ತೊಡೆಯ ಮೇಲಿಂದಲೇ ಆ ನೋಟ ಸವಿದು, ಕೈಯಲ್ಲಿದ್ದ ಚಿಂದಿಯನ್ನು ಟೀಚರಿಗೆ ಚಾಚಿದಳು.

"ಇದನ್ನ ತಲೆಗೆ ಚುಚ್ಚಿ ಟೀಚರ್. ಅಪ್ಪಂದು."