ಬೈಕಿನ ಸೀಟಿಗೆ ಹೋದ ಕೌದಿ

ನಮ್ಮ ಮನೆಯಲ್ಲಿ ಹಳೆ ಬಟ್ಟೆ ಬಿಸಾಡುವ ಧೈರ್ಯ ಯಾರಿಗೂ ಇಲ್ಲ. ನನ್ನ ಗಂಡನ ಅಂಗಿಯ ಕಾಲರು ಸ್ವಲ್ಪ ಸವೆದದ್ದು ಕಂಡರೆ ಸಾಕು, ಹಗ್ಗದಿಂದ ತೆಗೆಯುವ ನೆಪದಲ್ಲಿ ಅದನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಅವರಿಗೆ ನನ್ನ ಆ ನೋಟ ಚೆನ್ನಾಗಿ ಗೊತ್ತು. "ಇನ್ನೂ ಜೀವ ಐತಿ ಇದರಾಗ, ಒಂದೆರಡು ತಿಂಗಳರ ಹಾಕ್ಕೊಳ್ಳಾಕ ಬಿಡು ಮಾರಾಯ್ತಿ" ಎಂದು ಕಸಿದುಕೊಂಡು ಒಳಗೆ ಹೋಗುತ್ತಾರೆ. ಪಕ್ಕದ ಮನೆಯ ಭಾಭಿ ಮಾತ್ರ ಉದಾರಿ. ತೊಳೆದು ತೊಳೆದು ಬೆಣ್ಣೆಯಂತಾದ ದುಪಟ್ಟಾಗಳನ್ನು ಮಡಿಚಿ ಕಾಂಪೌಂಡಿನ ಮೇಲಿಂದಲೇ ಕೊಡುತ್ತಾಳೆ.

ನಾನು ಕೌದಿ ಹೊಲಿಯುವವಳು. ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ ದಿನವಿಡೀ ಟೈಪಿಸ್ಟ್ ಕೆಲಸ ಮಾಡಿ ಮನೆಗೆ ಬಂದು ಚಹಾ ಕುಡಿದೆನೋ, ಸೂಜಿ ಹಿಡಿಯಲೇಬೇಕು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಸಾಲು ಸಾಲಾಗಿ ಹೊಲಿಗೆ ಹಾಕುತ್ತ ಹೋಗುವಾಗ ತಲೆಯೊಳಗಿನ ಗದ್ದಲವೆಲ್ಲ ಇಳಿಯುತ್ತದೆ. ನಮ್ಮ ಕಚೇರಿಯಲ್ಲಿ ನನ್ನ ಕೈಯ ತೇಪೆ ಇಲ್ಲದ ಮೇಜು ಕಡಿಮೆ. ಒಬ್ಬರ ಕುರ್ಚಿಗೆ ಆಸನ, ಇನ್ನೊಬ್ಬರ ಊಟದ ಡಬ್ಬಿಗೆ ಚೀಲ, ಹೊಸ ಮನೆ ಹೊಕ್ಕವರಿಗೆ ಬಿಸಿ ಪಾತ್ರೆಯ ಕೆಳಗೆ ಹಾಕುವ ದಪ್ಪ ಬಟ್ಟೆ. ಹೊಸದಾಗಿ ಸೇರಿದವನೊಬ್ಬ, "ಮೇಡಮ್, ಇವನ್ನ ಆನ್‌ಲೈನ್‌ನ್ಯಾಗ ಹಾಕ್ರಿ, ಭಾಳ ಮಂದಿ ತಗೋತಾರ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮವ್ವನ ಕೈತುತ್ತನ್ನೂ ಆನ್‌ಲೈನ್‌ನ್ಯಾಗ ಹಾಕ್ತೀ ಏನಪಾ?" ಎಂದೆ. ಅವನ ಮುಖ ಸಣ್ಣದಾಯಿತು. ಮುಂದಿನ ವಾರ ಅವನಿಗೂ ಒಂದು ದಿಂಬಿನ ಚೀಲ ಹೊಲಿದುಕೊಟ್ಟೆ. ಪಾಪ, ಮನೆ ಬಿಟ್ಟು ರೂಮು ಮಾಡಿಕೊಂಡಿರುವ ಹುಡುಗ.

ಇಷ್ಟೆಲ್ಲ ಮಂದಿಗೆ ಹೊಲಿದ ನನಗೆ ಹೊಲಿಯಬಾರದು ಎಂದು ಅಪ್ಪಣೆಯಾಗಿದ್ದ ಕೌದಿ ಒಂದೇ ಒಂದು. ಅದು ನನ್ನ ಅಕ್ಕನ ಮಗಳ ಕೂಸಿನದು.

ಅಕ್ಕನನ್ನು ಕೊಟ್ಟದ್ದು ಇಲಕಲ್ಲಿಗೆ. ಅವಳ ಮಗಳನ್ನು ಕೊಟ್ಟದ್ದು ಬಾದಾಮಿಗೆ. ಅಳಿಯನಿಗೆ ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ಅಂಗಡಿ, ಬಂಗಾರದಂಥ ಹುಡುಗ. ಆದರೆ ಎರಡು ಸಲ ನಮ್ಮ ಹುಡುಗಿಯ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಮೊದಲನೆಯದು ಬೇಗ ಹೋಯಿತು. ಎರಡನೆಯದು ಏಳು ತುಂಬಿದ ಮೇಲೆ, ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಊರ ಮಂದಿಯನ್ನೆಲ್ಲ ಆರತಿಗೆ ಕರೆದ ಮೇಲೆ ಹೋಯಿತು. ಅವತ್ತಿನಿಂದ ಅಕ್ಕನ ಅತ್ತೆ, ನಾವೆಲ್ಲ ಆಯಿ ಎಂದು ಕರೆಯುವ ಹಿರಿಯಳು, ಮನೆಗೆ ಒಂದು ಕಾನೂನು ಹಾಕಿಬಿಟ್ಟಳು. ಹೋದವುಗಳ ಮಾತು ಆಡಬಾರದು. ಮತ್ತೆ ಬಸಿರಾದರೆ ಕೂಸು ಕೈಗೆ ಬರುವತನಕ ಅದರ ಮಾತೂ ಬೇಡ. ಕುಬಸ ಇಲ್ಲ, ಕೂಸಿನ ತಲೆಗೆ ಕುಂಚಿಗಿ ಇಲ್ಲ, ಕೌದಿ ಇಲ್ಲ, ಒಂದು ಕಾಲುಗೆಜ್ಜೆ ಕೂಡ ಮನೆಗೆ ತರುವಂತಿಲ್ಲ. "ಮಂದಿ ಕಣ್ಣು ಇರ್ಲಿ, ನಮ್ಮ ಕಣ್ಣ ಬಡಿತಾವ" ಎನ್ನುತ್ತಿದ್ದಳು.

ಮೂರನೆಯ ಸಲ ಬಸಿರಾಗಿ ಹುಡುಗಿ ತವರಿಗೆ ಬಂದು ಕೂತಾಗ ನನ್ನ ಕೈ ಕೇಳಬೇಕಲ್ಲ! ಕೂಸಿನ ಕೌದಿ ಅಂದರೆ ಹೊಸ ಬಟ್ಟೆ ನಡೆಯುವುದಿಲ್ಲ, ಮೈಗೆ ಚುಚ್ಚುತ್ತದೆ. ನನ್ನವ್ವನ ಹಳೆಯ ಇಲಕಲ್ ಸೀರೆ, ನನ್ನ ಗಂಡನಿಂದ ಜಗಳಾಡಿ ಕಸಿದ ಧೋತರ, ಭಾಭಿಯ ದುಪಟ್ಟಾ ಎಲ್ಲ ಕೂಡಿಸಿ ಶುರು ಮಾಡಿಯೇಬಿಟ್ಟೆ. ಹೆಸರು ಮಾತ್ರ ಬೇರೆ ಇಟ್ಟೆ. ಅಕ್ಕ ಫೋನು ಮಾಡಿ "ಏನ ಮಾಡಾಕತ್ತೀ?" ಎಂದರೆ, "ಮಿಕ್ಸರ್ ಮ್ಯಾಲ ಹಾಕಾಕ ಒಂದು ಹೊದಿಕಿ ಹೊಲ್ಯಾಕತ್ತೇನಿ" ಎಂದೆ.

ಅಕ್ಕ ಮೆಲ್ಲಗೆ, "ಮೆತ್ತಗ ಇರ್ಲಿ ಹಂಗಾರ. ಗಂಟು ಒಳಗ ಮಾಡು. ಚುಚ್ಚಬಾರದು" ಅಂದಳು.

"ಮಿಕ್ಸರ್‌ಗೆ ಚುಚ್ಚೂದಿಲ್ಲ, ಬಿಡು."

"ಹೂಂ. ಮಿಕ್ಸರ್‌ಗೆ ತಂಪು ಹತ್ತೀತು, ಇನ್ನೊಂದು ಪದರ ಹಾಕು."

ಹೀಗೆ ವಾರಕ್ಕೊಮ್ಮೆ ನಮ್ಮ ಮಿಕ್ಸರ್‌ನ ಯೋಗಕ್ಷೇಮ ನಡೆಯುತ್ತಿತ್ತು. ನಕ್ಕು ನಕ್ಕು ಫೋನು ಇಟ್ಟ ಮೇಲೆ ಇಬ್ಬರೂ ಅಳುತ್ತಿದ್ದೆವು ಎಂದು ಈಗ ಗೊತ್ತಾಗಿದೆ.

ಕೌದಿ ಇನ್ನೇನು ಮುಗಿಯಬೇಕು, ಒಂದು ಮೂಲೆ ಬಾಕಿ. ಅವತ್ತು ರಜೆ, ಪಡಸಾಲೆಯಲ್ಲಿ ಹರವಿಕೊಂಡು ಕೂತಿದ್ದೇನೆ, ಹೇಳದೆ ಕೇಳದೆ ಅಕ್ಕನ ಗಂಡ ಬಂದು ನಿಂತರು. ರಾಮಥಾಳದ ಹತ್ತಿರ ಅವರದೊಂದು ಹೊಲವಿದೆ. ಹನಿ ನೀರಾವರಿಯ ಪೈಪಿನ ಯಾವುದೋ ಸಾಮಾನಿಗೆಂದು ಬೈಕ್ ಹತ್ತಿ ಬಾಗಲಕೋಟೆಗೆ ಬಂದಿದ್ದರು. ನಮ್ಮ ಮಾಂವ ದೇವರಂಥ ಮನುಷ್ಯ, ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಇವರಿಗೆ ಗೊತ್ತಾದರೆ ಹುನಗುಂದ ದಾಟುವುದರೊಳಗೆ ಫೋನು ಮಾಡಿ ಆಯಿಗೆ ಹೇಳಿಬಿಟ್ಟಾರು.

"ಬರ್ರಿ ಮಾಂವ, ಕುಂದರ್ರಿ" ಎನ್ನುತ್ತ ಕೌದಿಯನ್ನು ಉಂಡೆ ಸುತ್ತಿದೆ.

"ಏನವ್ವಾ ಅದು? ಬಣ್ಣ ಭಾಳ ಚೊಲೊ ಕಾಣಾಕತ್ತಾವು."

ನನಗೆ ಆ ಗಳಿಗೆಗೆ ಮಿಕ್ಸರ್ ನೆನಪಾಗಬಾರದೆ? ಬಾಗಿಲ ಹೊರಗೆ ಅವರ ಬೈಕ್ ಕಂಡಿತು. "ಬೈಕಿನ ಸೀಟಿಗೆ ರೀ" ಅಂದುಬಿಟ್ಟೆ.

"ನಿಮ್ಮ ಮನಿಯಾಗ ಬೈಕ್ ಎಲ್ಲೈತಿ? ಸ್ಕೂಟಿ ಐತಿ." ಅವರ ಮುಖ ಒಮ್ಮೆಲೆ ಅರಳಿತು. "ನನಗೇನು?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವರು ಅಷ್ಟು ಖುಷಿಯಾಗಿದ್ದರು! ಮದುವೆಯಾಗಿ ಇಷ್ಟು ವರ್ಷವಾಯಿತು, ಹೆಂಡತಿಯ ತಂಗಿ ಊರ ಮಂದಿಗೆಲ್ಲ ಹೊಲಿದುಕೊಟ್ಟು ತನಗೆ ಮಾತ್ರ ಏನೂ ಕೊಟ್ಟಿಲ್ಲ ಎಂಬ ಸಣ್ಣ ಬೇಸರ ಅವರ ಮನಸ್ಸಿನಲ್ಲಿ ಇತ್ತಂತೆ. "ಒಂದು ಮೂಲಿ ಬಾಕಿ ಐತ್ರಿ" ಎಂದು ತಡೆಯಲು ನೋಡಿದೆ. "ಇರ್ಲಿ ಬಿಡವ್ವಾ, ಕುಂದರಾಕ ಅಷ್ಟ ಸಾಕು" ಎಂದು ಅವರೇ ಹೊತ್ತೊಯ್ದು, ಸೀಟಿನ ಮೇಲೆ ಹಾಸಿ, ಹಗ್ಗ ಬಿಗಿದು, ಎರಡು ಸಲ ಕೈಯಿಂದ ತಟ್ಟಿ ಹತ್ತಿ ಕೂತರು. ನನ್ನವ್ವನ ಸೀರೆಯ ಕೆಂಪು ಸೆರಗು ಎರಡೂ ಕಡೆ ಇಳಿಬಿದ್ದಿತ್ತು. ಬೈಕ್ ಹೋಯಿತು. ನನ್ನ ಗಂಡ ಬಾಗಿಲಿಗೆ ಆತು ನಿಂತು ನಗುತ್ತಿದ್ದರು. "ನಗ್ರಿ, ನಗ್ರಿ. ಇನ್ನೊಂದು ಧೋತರ ತಗದಿಡ್ರಿ" ಎಂದೆ.

ಸಂಜೆಗೆ ಅಕ್ಕನ ಫೋನು. "ಯವ್ವಾ, ನಿಮ್ಮ ಮಾಂವ ಕೂಸಿನ ಕೌದಿ ಮ್ಯಾಲ ಕುಂತ ಬಂದಾರಲ್ಲ! ಓಣಿ ತುಂಬ ತೋರಿಸ್ಯಾಡಾಕತ್ತಾರ!"

ಅಂದವಳು ಅಲ್ಲಿಗೇ ನಿಂತಳು. ಈ ಬಸಿರಿನಲ್ಲಿ ಕೂಸು ಎಂಬ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅಕ್ಕ, "ಬಾಯಿ ತಪ್ಪಿ ಅಂದೆ. ಏನೂ ಆಗೂದಿಲ್ಲ ಅಲ್ಲ?" ಎಂದಳು. "ಏನೂ ಆಗೂದಿಲ್ಲ, ಹುಚ್ಚಿಯಂಗ ಮಾಡಬ್ಯಾಡ" ಎಂದು ರೇಗಿದೆ. ನನಗೂ ಹೆದರಿಕೆಯಾಗಿತ್ತು, ಅದಕ್ಕೇ ರೇಗಿದ್ದು.

ಭಾನುವಾರ ಬಸ್ಸು ಹತ್ತಿ ಇಲಕಲ್ಲಿಗೆ ಹೋದೆ. ಮಾಂವ ಬಾಗಿಲಲ್ಲೇ ಹಿಡಿದು, "ನಡ ನೋವು ಕಡಿಮಿ ಆತು ನೋಡವ್ವಾ" ಎಂದರು. ಏನು ಹೇಳಲಿ ಇವರಿಗೆ? ಅಕ್ಕ ಧೂಳಿನ ನೆಪ ಹೇಳಿ ಕೌದಿಯನ್ನು ಒಗೆದು ಹಿತ್ತಲ ಹಗ್ಗದ ಮೇಲೆ ಒಣಹಾಕಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿ, ಮಾಂವನಿಗೆ ಬೇಸರವಾಗದಂತೆ ಅದನ್ನು ವಾಪಸು ಪಡೆಯುವುದು ಹೇಗೆ ಎಂದು ಪಿಸುಗುಟ್ಟುತ್ತಿದ್ದಾಗ, ಮಗಳು ಕೌದಿಯನ್ನು ತೋಳ ಮೇಲೆ ಹಾಕಿಕೊಂಡು ಬಂದು ನಿಂತಳು. ದಿನ ತುಂಬಿದ ಹೊಟ್ಟೆ, ಬಾತ ಪಾದ.

"ಚಿಗವ್ವ, ಇದು ಅಪ್ಪನ ಬೈಕಿಂದಲ್ಲ."

"ಹೂಂ ಮತ್ತ, ಮಿಕ್ಸರಿಂದು" ಎಂದಳು ಅಕ್ಕ, ಗಾಬರಿಯಲ್ಲಿ.

ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಒಳಕೋಣೆಗೆ ಹೋಗಿ, ತನ್ನ ಬಟ್ಟೆಯ ಚೀಲದ ತಳದಿಂದ ಎರಡು ಸಣ್ಣ ಬಟ್ಟೆಗಳನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಎರಡೂ ಕೌದಿಗಳೇ. ಒಂದು ಅವಳ ಹಳದಿ ಓಢಣಿಯದು. ಅಂಗೈ ಅಗಲದಷ್ಟು ಹೊಲಿಗೆ ಬಿದ್ದಿತ್ತು, ಸೂಜಿ ಅಲ್ಲೇ ತುಕ್ಕು ಹಿಡಿದಿತ್ತು. ಇನ್ನೊಂದು ಗಂಡನ ಹಳೆ ಅಂಗಿಗಳದು. ಪೂರಾ ಮುಗಿದು ಒಂದು ಮೂಲೆ ಮಾತ್ರ ತೆರೆದಿತ್ತು. ನನ್ನ ಹಾಗೆಯೇ ಸೊಟ್ಟ ಸೊಟ್ಟ ಹೊಲಿಗೆ. ಸಣ್ಣವಳಿದ್ದಾಗ ನಾನೇ ಅವಳಿಗೆ ಕಲಿಸಿದ್ದು.

"ಇದು ಮೊದಲಿನದಕ್ಕ ಮಾಡಿದ್ದು. ಇದು ಎರಡನೇದಕ್ಕ. ಈ ಸಲ ಸೂಜಿ ಹಿಡ್ಯಾಕ ಧೈರ್ಯ ಆಗಲಿಲ್ಲ" ಎಂದಳು. "ಇವನ್ನ ಚೆಲ್ಲಾಕ ಮನಸ್ಸಾಗಲಿಲ್ಲ ಚಿಗವ್ವ. ಯಾರ ಮುಂದರ ಹೇಳೂನಂದ್ರ ಈ ಮನಿಯಾಗ ಅವುಗಳ ಸುದ್ದಿನ ಇಲ್ಲ. ನಾ ಏನೂ ಹಡದ ಇಲ್ಲ ಅನ್ನೂವಂಗ ಮಾಡ್ತೀರಿ ಎಲ್ಲಾರೂ. ನಿನ್ನ ಕೌದಿ ಬಿಚ್ಚಿ ಇವನ್ನೂ ಒಳಪದರಕ್ಕ ಹಾಕ್ತೀ?"

ಅವಳು ಹೇಳಿದ್ದು ಖರೆ. ಹುಡುಗಿಯ ಮನಸ್ಸಿಗೆ ನೋವಾಗಬಾರದೆಂದು ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಆ ನೋವನ್ನು ಅವಳು ಒಬ್ಬಳೇ ಚೀಲದಲ್ಲಿಟ್ಟುಕೊಂಡು ಬಾದಾಮಿಗೂ ಇಲಕಲ್ಲಿಗೂ ತಿರುಗಾಡುತ್ತಿದ್ದಳು. ಆದರೂ ಕೈ ಮುಂದೆ ಹೋಗಲಿಲ್ಲ. ಹೋದ ಕೂಸುಗಳ ಬಟ್ಟೆಯನ್ನು ಬರುವ ಕೂಸಿನ ಮೈಗೆ ಹೇಗೆ ಹಾಕುವುದು? ಅಕ್ಕ, ಆಯಿಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡುತ್ತ ನಿಂತಿದ್ದಳು.

ಆಗ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿ ಮೊರ ಕೆಳಗಿಟ್ಟ ಸದ್ದು ಕೇಳಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇವತ್ತು ಮನೆಯಲ್ಲಿ ಕುರುಕ್ಷೇತ್ರ ಆಗುತ್ತದೆ ಎಂದುಕೊಂಡೆ. ಆಯಿ ಬಂದು ನೆಲಕ್ಕೆ ಕೂತು, "ಕೊಡಿಲ್ಲಿ" ಎಂದು ಎರಡನ್ನೂ ತೆಗೆದುಕೊಂಡಳು. ಕಣ್ಣು ಮಂಜು, ಬೆರಳಿನಿಂದಲೇ ಹೊಲಿಗೆಗಳನ್ನು ಸವರಿ ಸವರಿ ನೋಡಿದಳು. ತೆರೆದ ಮೂಲೆಯೊಳಗೆ ಬೆರಳು ಹಾಕಿದಳು.

"ಇವಕ್ಕ ತುತ್ತು ಹಾಕಿಲ್ಲಲ್ಲ" ಎಂದಳು.

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಒಳಗಿಟ್ಟು ಹೊಲಿಯುತ್ತೇವೆ. ಹೊದ್ದುಕೊಳ್ಳುವ ಕೌದಿ ಹಸಿದಿರಬಾರದು ಎಂದು.

"ಇಷ್ಟ ದಿನ ಉಪಾಸ ಇದ್ದಾವಲ್ಲೇ ಯವ್ವಾ" ಎಂದು ಆಯಿ ಸೊಸೆಯ ಕಡೆ ತಿರುಗಿದಳು. "ಏನ ನಿಂತೀ? ರೊಟ್ಟಿ ತಾ. ಬೆಲ್ಲ ತಾ."

ಅಕ್ಕ ಓಡಿದಳು. ಆಯಿ ತನ್ನ ಕೈಯಿಂದಲೇ ರೊಟ್ಟಿ ಮುರಿದು, ಬೆಲ್ಲ ಹಚ್ಚಿ, ಮೊದಲನೆಯದಕ್ಕೊಂದು, ಎರಡನೆಯದಕ್ಕೊಂದು ಇಟ್ಟಳು. ನಾನು ದಾರ ಪೋಣಿಸಿ ಕೊಟ್ಟೆ. ಹುಡುಗಿ ಮೊದಲನೆಯದರ ಅಂಚನ್ನೂ ಎರಡನೆಯದರ ಮೂಲೆಯನ್ನೂ ತಾನೇ ಹೊಲಿದು ಮುಚ್ಚಿದಳು. ನಾನೂ ಅಕ್ಕನೂ ದೊಡ್ಡ ಕೌದಿಯ ಹೊಲಿಗೆ ಬಿಚ್ಚಿ ಅವೆರಡನ್ನೂ ನಡುವೆ ಹಾಸಿ ಮತ್ತೆ ಹೊಲಿದೆವು. ನಾನು ಮೂರನೆಯದಕ್ಕೂ ತುತ್ತು ಇಡಲು ಹೋದರೆ ಆಯಿ ಕೈ ಹಿಡಿದಳು. "ಅದಕ್ಕ ಈಗ ಬ್ಯಾಡ. ಅದು ಬಂದ ಮ್ಯಾಲ." ಕಾನೂನು ಕಾನೂನೇ! ಹೊರಗಿನಿಂದ ಬಂದ ಮಾಂವ ಎಲ್ಲರ ಮುಖ ನೋಡಿ, ವಿಷಯ ತಿಳಿದು, "ಅಯ್ಯಯ್ಯ, ನಾ ಇದರ ಮ್ಯಾಲ ಕುಂತಿದ್ನಲ್ಲ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಅವರಿಗೆ ಬೇರೆ ಹೊಲಿದುಕೊಟ್ಟೆ ಅನ್ನಿ, ಅದು ಇನ್ನೂ ಬೈಕಿನ ಮೇಲಿದೆ.

ಕೂಸು ಇಲಕಲ್ಲಿನ ದವಾಖಾನೆಯಲ್ಲೇ ಹುಟ್ಟಿತು. ಹೆಣ್ಣು. ಕಿವಿ ಕಿವುಡಾಗುವಷ್ಟು ಅಳುತ್ತದೆ, ಯಾರ ದನಿಯೋ ಎಂದು ನನ್ನ ಗಂಡ ನನ್ನ ಕಡೆ ನೋಡುತ್ತಾರೆ. ಆಯಿ ಕೊನೆಯ ಮೂಲೆಗೆ ತುತ್ತು ಇಟ್ಟು ಹೊಲಿದು, ಕೌದಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ತಾನೇ ಕೂಸಿಗೆ ಸುತ್ತಿದಳು.

ಆ ಹೊತ್ತಿಗೆ ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ನೋಡಲು ಬಂದಳು. ಕೂಸಿನ ಗಲ್ಲ ಮುಟ್ಟಿ, "ಚೊಚ್ಚಲ ಅಲ್ಲೇನ್ರಿ ಆಯಿ?" ಎಂದು ಕೇಳಿದಳು.

ನಾನು ಮಾತು ಮರೆಸಲು ಬಾಯಿ ತೆರೆದೆ. ಆಯಿ ನನಗಿಂತ ಮೊದಲೇ ಹೇಳಿದಳು.

"ಚೊಚ್ಚಲ ಅಲ್ಲವಾ. ನಮ್ಮ ಹುಡುಗಿಗೆ ಇದು ಮೂರನೇದು."

ನಮ್ಮ ಹುಡುಗಿ ಆಯಿಯ ಮುಖ ನೋಡಿದಳು, ಮತ್ತೆ ಗೋಡೆಯ ಕಡೆ ತಿರುಗಿ ದನಿ ತೆಗೆದು ಅತ್ತಳು. ಬಾಣಂತಿ ಕಣ್ಣೀರು ಹಾಕಬಾರದು ಎಂದು ಊರ ಬಾಣಂತಿಯರನ್ನೆಲ್ಲ ಗದರಿಸುವ ಆಯಿ, ಅವತ್ತು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು.