ಕ್ಯಾಪ್ಟನ್ ಕಾಶಿರಾಯನ ಎಡಮಗ್ಗುಲು

ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಗೆ ನೀರು ತಿರುವುತ್ತಿರುವಾಗ ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಭಾಗಪ್ಪ ಸಲಿಕೆಯನ್ನು ನೆಲಕ್ಕೂರಿ ನಿಂತುಬಿಡುತ್ತಿದ್ದ. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ವಿಮಾನ ಆ ದಾರಿಯಲ್ಲಿ ಹಾಯುತ್ತಿತ್ತು. ಅದನ್ನು ನಡೆಸುವವನು ತನ್ನ ಅಣ್ಣ ಕಾಶಿರಾಯನೇ ಎಂದು ಅವನ ಲೆಕ್ಕ. ಅಣ್ಣ ಆ ಹೊತ್ತಿಗೆ ದಿಲ್ಲಿಯ ಯಾವುದೋ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಇರಬಹುದು. ಅದು ಬೇರೆ ಮಾತು.

ಅವರ ತಾಯಿ ಭೀಮಬಾಯಿ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಯಿಂದ ಹೊರಟವರ ಬೆನ್ನ ಹಿಂದೆಯೇ ಕಸ ಗುಡಿಸಬಾರದಲ್ಲ? ಅಂಗಳ ಗುಡಿಸುವಾಗ ಮೇಲೆ ಸದ್ದು ಕೇಳಿತೆಂದರೆ ಮುದುಕಿ ಪೊರಕೆ ಕೆಳಗಿಟ್ಟು, ಸದ್ದು ಪೂರ್ತಿ ಅಡಗುವ ತನಕ ಸುಮ್ಮನೆ ಕೂರುತ್ತಿದ್ದಳು. “ನನ್ನ ಮಗ ದಾಟಿ ಹೋಗ್ಲಿ, ಆಮ್ಯಾಲ ಬಳೀತೀನಿ,” ಎನ್ನುತ್ತಿದ್ದಳು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಆಕೆ ತೀರಿಕೊಳ್ಳುವವರೆಗೂ ಇದು ನಡೆಯಿತು.

ನಿಜಾಮರ ಕಾಲ ಮುಗಿದ ಹೊಸತರಲ್ಲಿ ಹೈದರಾಬಾದಿಗೆ ಓದಲು ಹೋದ ಹುಡುಗ ಕಾಶಿರಾಯ. ಅಲ್ಲಿ ಬೇಗಂಪೇಟೆಯ ಬಯಲಿನಲ್ಲಿ ವಿಮಾನ ಇಳಿಯುವುದನ್ನು ಕಂಡು ಪುಸ್ತಕ ಮರೆತ. ಕಲಿತ, ಪಾಸಾದ, ದೊಡ್ಡ ಕಂಪನಿಯ ವಿಮಾನ ನಡೆಸಿದ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳೂ ಇರಲಿಲ್ಲವಾಗಿ, ತೊಂಬತ್ನಾಲ್ಕರಲ್ಲಿ ನಿವೃತ್ತಿಯಾದವನೇ ನೆಟ್ಟಗೆ ಕಮಲಾಪುರಕ್ಕೆ ಬಂದ. ತಮ್ಮನ ಹೆಂಡತಿ ಅನ್ನಮ್ಮ ತಟ್ಟಿದ ಬಿಸಿ ರೊಟ್ಟಿ, ತಮ್ಮನ ಮಗಳು ಶೇವಂತಾಳ ‘ದೊಡ್ಡಪ್ಪಾ’ ಎಂಬ ಕೂಗು, ಇವೆರಡು ಸಿಕ್ಕ ಮೇಲೆ ಮನುಷ್ಯ ಎಲ್ಲಿಗೂ ಹೋಗಲಿಲ್ಲ. ಬರುವಾಗ ತಂದದ್ದು ಒಂದು ಹಳೆಯ ಜೀಪು.

ಆ ಜೀಪು ಹೊರಡುವುದೇ ಒಂದು ನೋಟ. ಮೊದಲು ಕಾಶಿರಾಯ ಅದರ ಸುತ್ತ ಪ್ರದಕ್ಷಿಣೆ ಹಾಕಿ ಒಂದೊಂದು ಗಾಲಿಯನ್ನೂ ಒದ್ದು ನೋಡುವನು. ಆಮೇಲೆ ಹತ್ತಿ ಕುಳಿತು, ಎಡಕ್ಕೆ ಕೂತ ಭಾಗಪ್ಪನನ್ನು ಗಟ್ಟಿಯಾಗಿ ಕೇಳುವನು.

“ಬ್ರೇಕು?”

“ಅದ ಅಣ್ಣಾ.”

“ಡೀಸೆಲ್?”

“ಅರ್ಧ ಅದ ಅಣ್ಣಾ.”

“ಎಡಕ್ಕ?”

“ಖಾಲಿ ಅಣ್ಣಾ.”

ಚಹಾದಂಗಡಿಯ ನಬಿಸಾಬ್ ದಿನಾ ಕೆಣಕುತ್ತಿದ್ದ. “ಸಾಹೇಬ್ರ, ಜೀಪು ಹಾರ್ತದೇನ್ರಿ?”

“ಹಾರಬಾರದಂತನೇ ಕೇಳ್ತೀನಿ ನಬಿಸಾಬ್.”

ಅದೇ ಅಂಗಡಿಯ ಕಟ್ಟೆಯ ಮೇಲೆ ಕಾಶಿರಾಯ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಒಂದಿತ್ತು. ಒಮ್ಮೆ ಮಂಜಿನಲ್ಲಿ ವಿಮಾನ ಇಳಿಸುವಾಗ, ಬಲಕ್ಕೆ ಕೂತಿದ್ದ ಹೊಸ ಸಹಪೈಲಟ್ ಹುಡುಗಿ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು, “ಸರ್, ನಾವು ಭಾಳ ಕೆಳಗಿದ್ದೀವಿ, ಮ್ಯಾಲ ಎತ್ರಿ” ಎಂದಳಂತೆ. ಎರಡನೆಯ ಮಾತಿಲ್ಲದೆ ಇವನು ಎತ್ತಿದ. ಅವಳು ಹೇಳಿದ್ದು ಖರೆಯಾಗಿತ್ತು.

“ಆ ಹುಡುಗಿ ದೊಡ್ಡವರಂತ ಬಾಯಿ ಮುಚ್ಚಿದ್ದರ, ನಾ ಈಗ ಇಲ್ಲಿ ಚಹಾ ಕುಡೀತಿದ್ದಿಲ್ಲ,” ಎಂದು ಮುಗಿಸುತ್ತಿದ್ದ. “ವಿಮಾನದಾಗ ಎಡಕ್ಕ ಕೂಡಾಂವ ದೊಡ್ಡಾಂವ. ಜೀಪಿನಾಗ ನೋಡ್ರಿ, ನಮ್ಮ ಭಾಗಪ್ಪ ಎಡಕ್ಕ ಕೂಡ್ತಾನ. ಇಂವನೇ ಕ್ಯಾಪ್ಟನ್!”

ಎಲ್ಲರೂ ನಗುತ್ತಿದ್ದರು. ಭಾಗಪ್ಪನೂ ತಲೆ ತಗ್ಗಿಸಿ ನಗುತ್ತಿದ್ದ. ಅಣ್ಣನಿಗೆ ಎದುರು ಮಾತಾಡುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂದೆ ಸತ್ತ ಮೇಲೆ ಅಣ್ಣನೇ ತಂದೆ. ಅವನು ಕೇಳಿದ್ದಕ್ಕೆಲ್ಲ ಭಾಗಪ್ಪ ‘ಹೂಂ’ ಎಂದವನೇ. ‘ಖಾಲಿ ಅಣ್ಣಾ’ ಎನ್ನುವಾಗಲೂ ಎಷ್ಟೋ ಸಲ ಅವನು ಎಡಕ್ಕೆ ನೋಡಿರುತ್ತಿರಲಿಲ್ಲ. ಅದು ಅವನಿಗೆ ಗುಡಿಯಲ್ಲಿ ಕೈ ಮುಗಿದ ಹಾಗೆ.

ಎರಡು ಸಾವಿರದ ಒಂದನೆಯ ಇಸವಿ, ತೊಗರಿ ರಾಶಿಯ ಕಾಲ. ಶೇವಂತಾಳಿಗೆ ಏಳು ತಿಂಗಳು ತುಂಬಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವ ದಿನ ಗೊತ್ತಾಯಿತು. ಗಂಡ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ. ಮನೆ ಕಲಬುರಗಿಯ ಅಂಚಿಗೆ, ಕುಸನೂರಿನಲ್ಲಿ.

“ಬಾಡಿಗಿ ಕಾರು ಹೇಳಿಬಿಡ್ರಿ,” ಎಂದು ಅನ್ನಮ್ಮ ಒಳಮನೆಯಲ್ಲಿ ಗಂಡನಿಗೆ ಪಿಸುಗುಟ್ಟಿದಳು. “ಭಾವನವ್ರಿಗೆ ಎಡಗಣ್ಣು ಮೊದಲಿನಂಗಿಲ್ಲ. ಊಟದಾಗ ಎಡಕ್ಕ ಬಡಿಸಿದ ಪಲ್ಯಾ ಹಂಗೇ ಬಿಡ್ತಾರ. ಎಷ್ಟು ದಿನಾತು, ನೀವು ನೋಡಿಲ್ಲೇನು?”

“ಅಣ್ಣಗ ಹೆಂಗ ಹೇಳ್ಲಿ?”

“ಮತ್ತ ಯಾರು ಹೇಳ್ಬೇಕು, ಬೀಗರು ಹೇಳ್ಬೇಕೇನು?”

ಅಷ್ಟರಲ್ಲಿ ಪಡಸಾಲೆಯಿಂದ ಕಾಶಿರಾಯನ ದನಿ ಬಂತು. “ಶೇವಂತಾನ್ನ ನಾನೇ ಕರ್ಕೊಂಡು ಬರ್ತೀನಿ. ಬಸರಿ ಹುಡುಗಿ. ಯಾವನೋ ಬಾಡಿಗಿ ಡ್ರೈವರ್ ಕುಲುಕಿಸಿಬಿಟ್ಟಾನು.”

ಮರುದಿನ ಜೀಪು ಹೊರಟಿತು. ಮಹಾಗಾಂವದ ಹತ್ತಿರ, ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲೆಂದು ಊರವರು ಕೊಯ್ದ ತೊಗರಿ ಗಿಡವನ್ನು ರಸ್ತೆಯ ಮೇಲೆ ಹರವಿದ್ದರು. ಎಡಬದಿಗೆ ಮರೆಮ್ಮ ಎಂಬ ಮುದುಕಿ ಮೊರ ಹಿಡಿದು ಕಾಳು ಕೇರುತ್ತ ಕೂತಿದ್ದಳು. ಅಣ್ಣ ಈಗ ಬಲಕ್ಕೆ ಸರಿಸುತ್ತಾನೆ, ಈಗ ಸರಿಸುತ್ತಾನೆ ಎಂದು ಭಾಗಪ್ಪ ಕಾದ. ಜೀಪು ಸರಿಯಲಿಲ್ಲ. ಜೀಪಿನ ಅಂಚು ಮುದುಕಿಯ ಕೈಯ ಮೊರವನ್ನು ಕಿತ್ತೊಯ್ದಿತು.

“ಏನೋ ಸಪ್ಪಳಾತಲ್ಲೋ?”

“ಏನಿಲ್ಲ ಅಣ್ಣಾ. ಕಲ್ಲು ಸಿಡೀತು.”

ಭಾಗಪ್ಪ ತಿರುಗಿ ನೋಡಿದ. ಹಿಂದಕ್ಕೆ ಬಿದ್ದಿದ್ದ ಮುದುಕಿ ಎದ್ದು ಕೂತು, ಎರಡೂ ಕೈ ಎತ್ತಿ ಶಾಪ ಹಾಕುತ್ತಿದ್ದಳು.

ಕಲಬುರಗಿಯಲ್ಲಿ ಗಾಲಿಗೆ ಗಾಳಿ ಹಾಕಿಸಲು ಮೋಮಿನಪುರದ ಮಿಸ್ತ್ರಿ ಇಮಾಮುದ್ದೀನನ ಅಂಗಡಿಯ ಮುಂದೆ ನಿಲ್ಲಿಸಿದರು. ಅವನು ಜೀಪಿನ ಎಡಬದಿಯ ಮೇಲೆ ಕೈಯಾಡಿಸಿದ.

“ಕ್ಯಾಪ್ಟನ್ ಸಾಬ್, ಯಾವಾಗ ನೋಡಿದ್ರೂ ಎಡಗಡೇನೇ ಗೀರು. ಎಡಗಡಿ ದುನಿಯಾ ನಿಮಗ ದುಷ್ಮನ್ ಆಗ್ಯದೇನ್ರಿ?”

“ರಸ್ತಾ ಸಣ್ಣ ಆಗ್ಯಾವಪ್ಪಾ,” ಎಂದು ನಕ್ಕು ಕಾಶಿರಾಯ ಪಾನಿನ ಅಂಗಡಿಯತ್ತ ನಡೆದ.

ಇಮಾಮುದ್ದೀನ್ ನಗಲಿಲ್ಲ. ದನಿ ತಗ್ಗಿಸಿ ಅಂದ, “ಭಾಗಪ್ಪಣ್ಣಾ, ಅವ್ರಿಗೆ ಕಾಣವಲ್ದು, ಆತು. ಬಾಜೂಕೇ ಕೂಡಾವ್ರು ನೀವು. ನಿಮಗೂ ಕಾಣವಲ್ದೇನು?”

ಭಾಗಪ್ಪ ಗಾಳಿಯ ದುಡ್ಡು ಅವನ ಕೈಗಿಟ್ಟು ಜೀಪು ಹತ್ತಿದ.

ಕುಸನೂರಿನಲ್ಲಿ ಊಟ, ಉಡಿ ತುಂಬುವುದು ಎಲ್ಲ ಆಯಿತು. ಶೇವಂತಾ ಹಿಂದಿನ ಸೀಟಿನಲ್ಲಿ ದಿಂಬು ಒತ್ತಿಕೊಂಡು, ಒಂದು ಕೈ ಹೊಟ್ಟೆಯ ಮೇಲಿಟ್ಟು ಕೂತಳು. ಬೀಗರ ಮನೆಯ ಹೆಂಗಸರು, ಅಕ್ಕಪಕ್ಕದವರು ಬಾಗಿಲ ಮುಂದೆ ನೆರೆದಿದ್ದರು. ವಿಮಾನ ನಡೆಸಿದ ದೊಡ್ಡಪ್ಪನನ್ನು ನೋಡುವುದೇ ಅವರಿಗೊಂದು ಹಬ್ಬ. ಕಾಶಿರಾಯ ಸುತ್ತು ಹಾಕಿದ, ಗಾಲಿ ಒದ್ದ, ಹತ್ತಿ ಕೂತ.

“ಬ್ರೇಕು?”

“ಅದ ಅಣ್ಣಾ.”

“ಡೀಸೆಲ್?”

“ಅದ ಅಣ್ಣಾ.”

“ಎಡಕ್ಕ?”

ಭಾಗಪ್ಪ ಎಡಕ್ಕೆ ನೋಡಿದ. ನಿಜವಾಗಿಯೂ ಖಾಲಿಯಾಗಿತ್ತು. ‘ಖಾಲಿ’ ಎಂದರೆ ಸುಳ್ಳಾಗುತ್ತಿರಲಿಲ್ಲ. ಬೀಗರೆಲ್ಲ ನೋಡುತ್ತಿದ್ದರು. ಬೆನ್ನ ಹಿಂದೆ ಮಗಳ ಬಳೆಗಳು ಸಣ್ಣಗೆ ಸದ್ದು ಮಾಡಿದವು.

“ಎಡಕ್ಕ?” ಕಾಶಿರಾಯ ಮತ್ತೆ ಕೇಳಿದ.

“ಎಡಕ್ಕ ನಿನಗ ಕಾಣಂಗಿಲ್ಲ ಅಣ್ಣಾ.”

ಭಾಗಪ್ಪನ ಮಾತು ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. “ಬರುವಾಗ ಸಿಡಿದದ್ದು ಕಲ್ಲಲ್ಲ. ಮಹಾಗಾಂವದಾಗ ಒಬ್ಬಾಕಿ ಮುದುಕಿ ಕೂತಿದ್ಲು. ಆಕಿ ಕೈಯಾಗಿನ ಮೊರ ಹೊಡದಿ. ಒಂದು ಗೇಣಿನಾಗ ಆಕಿ ಉಳದ್ಲು. ನನಗ ಕಂಡಿತ್ತು. ನಾ ಹೇಳಲಿಲ್ಲ.”

ಕಾಶಿರಾಯನ ಮುಖ ಕೆಂಪಾಯಿತು. ಅವನು ತಮ್ಮನನ್ನು ನೋಡಲು ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಬೇಕಾಯಿತು. ಹೊರಳಿಸಿದವನು ಹಾಗೇ ಕೂತ. ಮೊದಲು ಇಷ್ಟು ಹೊರಳಬೇಕಾಗಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆದಿರಬೇಕು.

ಕಾಶಿರಾಯ ಜೀಪಿನಿಂದ ಇಳಿದ. ಮುಂಭಾಗದ ಮೇಲೆ ಕೈಯಿಟ್ಟುಕೊಂಡು ಸುತ್ತಿ ಬಂದು ಎಡಬಾಗಿಲ ಬಳಿ ನಿಂತ.

“ಸರಿ ಆ ಕಡೆ. ಟ್ರ್ಯಾಕ್ಟರ್ ಹೊಡಿಯಾಂವ ಜೀಪು ಹೊಡೀಲಾರಿ?”

“ಅಣ್ಣಾ, ಸಿಟ್ಟು...”

“ಸಿಟ್ಟು ಬಂದದ. ಅದು ನಂದು, ನೀ ಗಾಡಿ ನೋಡು.” ಹತ್ತಿ ಕೂತು, ಬೀಗಿತಿಯತ್ತ ತಿರುಗಿ ಅಂದ, “ತಂಗೀ, ಎಡಕ್ಕ ಕೂಡಾಂವ ಕ್ಯಾಪ್ಟನ್. ಏಳು ವರ್ಷ ಇಂವ ನನ್ನ ಜಾಗಾ ಹಿಡಕೊಂಡು ಕೂತಿದ್ದ. ಇವತ್ತ ಬಿಡಿಸ್ಕೊಂಡೆ.”

ಬೀಗಿತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಶೇವಂತಾ ಹಿಂದಿನಿಂದ ಕೈ ಚಾಚಿ ದೊಡ್ಡಪ್ಪನ ಹೆಗಲ ಮೇಲಿಟ್ಟಳು.

ಮಹಾಗಾಂವದಲ್ಲಿ ಕಾಶಿರಾಯನೇ ನಿಲ್ಲಿಸೆಂದ. ಮರೆಮ್ಮನ ಮುಂದೆ ನೆಲದ ಮೇಲೆ ಕೂತು ಅಂದ, “ನಿನ್ನ ಮೊರ ಒಯ್ದಾಂವ ನಾನೇ ಯವ್ವಾ.”

“ಕಣ್ಣಾಗ ಮಣ್ಣು ಬಿದ್ದಿತ್ತೇನೋ ಹಾಟ್ಯಾ!” ಎಂದು ಮುದುಕಿ ಶುರು ಮಾಡಿದಳು. ಅವಳು ಮನಸಾರೆ ಬೈದು ಮುಗಿಸುವ ತನಕ ಕಾಶಿರಾಯ ತಲೆ ತಗ್ಗಿಸಿ ಕೇಳಿದ. ಕಡೆಗೆ ಆಕೆಗೇ ಸಾಕಾಗಿ, “ಏಳಪ್ಪಾ, ಬಿಸಲಾಗ ಯಾಕ ಕೂತಿ, ನೀರು ಕುಡೀತಿಯೇನು?” ಎಂದಳು.

ಕಣ್ಣು ತೋರಿಸಿದಾಗ ವೈದ್ಯರು ಎಡಗಣ್ಣಿನ ಪಕ್ಕದ ನೋಟ ಹೋಗಿದೆ, ಮತ್ತೆ ಬರುವುದಿಲ್ಲ ಎಂದರು. ಆಮೇಲೆ ಕಾಶಿರಾಯ ಐದು ವರ್ಷ ಬದುಕಿದ. ಸ್ಟೇರಿಂಗ್ ಮುಟ್ಟಲಿಲ್ಲ. ಹೊರಡುವ ಮುಂಚೆ ಕೇಳುವವನು ಈಗ ಭಾಗಪ್ಪ. ‘ಎಡಕ್ಕ?’ ಎಂದರೆ ಕಾಶಿರಾಯ ಕತ್ತಷ್ಟೇ ಅಲ್ಲ, ಹೆಗಲು ಸಮೇತ ಹೊರಳಿ, ರಸ್ತೆಯನ್ನು ನಿಧಾನವಾಗಿ ನೋಡಿ, ಆಮೇಲೆಯೇ ಹೇಳುತ್ತಿದ್ದ. ಕೆಲವು ಸಲ ತಡವಾಗುತ್ತಿತ್ತು. ಭಾಗಪ್ಪ ಕಾಯುತ್ತಿದ್ದ.