ಬಿಳಿ ಹಾಳೆಯ ಕೆಳಗಿನ ರುಜು

ಫೋಟೋ ನೋಡಿಕೊಂಡು ಚಿತ್ರ ಬರೆಯುವುದು ಬಿಟ್ಟು, ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಎಣ್ಣೆಬಣ್ಣದಲ್ಲಿ ಬರೆಯುವ ಅವಕಾಶ ನನಗೆ ಮೊದಲು ಸಿಕ್ಕಿದ್ದು ತಿ. ನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ತೊಂಬತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ನಾಲ್ಕು.

ನಾನು ಹುಟ್ಟಿದ್ದು ಸಿಲೋನಿನ ಟೀ ತೋಟದ ಕೂಲಿಗಳ ಲೈನ್ ಮನೆಯಲ್ಲಿ. ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದೆ. ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಅವರಿಗೆ ಕೆಲಸ ಸಿಕ್ಕಿತು, ನನಗೆ ಕನ್ನಡ ಶಾಲೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಬಾಡಿಗೆ ಕಡಿಮೆಯೆಂದು ನಂಜನಗೂಡಿನಲ್ಲಿ ಒಂದು ಕೋಣೆ ಹಿಡಿದೆ. ಅಲ್ಲಿ ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಸಿಲೋನಿನವನು ಎಂದರೆ ಸಾಕು, ಜನರ ಹುಬ್ಬು ಮೇಲೇರುತ್ತಿತ್ತು. ಕಪಿಲೆಯ ಹಳೇ ಸೇತುವೆಯ ಮುಂದೆ ಕೂತು, ಪೆನ್ಸಿಲ್ ಎತ್ತಿ ಹಿಡಿದು ಕಮಾನಿನ ಅಳತೆ ನೋಡುತ್ತಿದ್ದಾಗ ಯಾರೋ ದೂರು ಕೊಟ್ಟರು. ಅಂದಿನಿಂದ ಒಬ್ಬ ಕಾನ್‌ಸ್ಟೇಬಲ್ ತಿಂಗಳಿಗೊಮ್ಮೆ ಬಂದು ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಡಬ್ಬಿ ಮೂಸಿ ನೋಡಿ, "ಇದ್ಯಾಕಪ್ಪಾ ಇಷ್ಟು ಘಾಟು?" ಎಂದು ಕೇಳಿ ಹೋಗುತ್ತಿದ್ದರು.

ನರಸೀಪುರದ ಕಡೆಯ ಆ ಗೌಡರು ಬಂದಿದ್ದು ಇಂಥ ದಿನಗಳಲ್ಲೇ. ನಲವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. "ನಮ್ಮಪ್ಪನ ಪಟ ಬರೀಬೇಕು. ಫೋಟೋ ಇಲ್ಲ. ನಮ್ಮನೇಲೇ ಇದ್ದು ಬರಿ," ಎಂದರು. ಸಂತೋಷಕ್ಕೆ ನಾನು ಬೇರೇನೂ ಕೇಳಲಿಲ್ಲ.

ಮನೆಯಲ್ಲಿ ಗಂಡುಮಕ್ಕಳು ಇಬ್ಬರು. ನನ್ನನ್ನು ಕರೆತಂದವರು ಹಿರಿಯರು. ಕಿರಿಯರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಒಂದೇ ಸೂರಿನಡಿ ಇದ್ದರೂ ಇಬ್ಬರ ಒಲೆ ಬೇರೆ, ಮಾತಿಲ್ಲ. ನಾಲೆ ಪಕ್ಕದ ಗದ್ದೆ ಮಾತ್ರ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಎಂಬತ್ತರ ಅಜ್ಜ. ಕಾಲು ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಚುರುಕು. ಅವರನ್ನು ಪಡಸಾಲೆಯ ಬೆಳಕಿನಲ್ಲಿ ಕೂರಿಸಿ ಬರೆಯತೊಡಗಿದೆ. ಕಿರಿಯರು ಹಾಲಿನ ಕ್ಯಾನ್ ಎತ್ತಿಕೊಂಡು ಹೋಗುತ್ತಾ ಬರುತ್ತಾ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು, ಚಿತ್ರವನ್ನಲ್ಲ.

ನಾಲ್ಕನೆಯ ದಿನ ಅಜ್ಜ ಹತ್ತಿರದಿಂದ ನೋಡುತ್ತೇನೆಂದು ಹಟ ಹಿಡಿದರು. ಕ್ಯಾನ್ವಾಸು ಹತ್ತಿರ ತಂದೆ. "ನನ್ನ ಶಲ್ಯ ಇಷ್ಟು ಬೆಳ್ಳಗದಾ?" ಎಂದು ಹೆಬ್ಬೆರಳಿನಲ್ಲಿ ಮುಟ್ಟಿಬಿಟ್ಟರು. ಶಲ್ಯದ ಮಡಿಕೆಯ ನೆರಳಿಗೆಂದು ಹಾಕಿದ್ದ ಹಸಿ ಕಡುನೀಲಿ ಬಣ್ಣ ಬೆರಳಿಗೆ ಮೆತ್ತಿಕೊಂಡಿತು. ಒರೆಸಲು ಬಟ್ಟೆ ಹುಡುಕುತ್ತಿದ್ದೆ, ಅಷ್ಟರಲ್ಲಿ ಕಿರಿಯರು ಒಳಗೆ ಬಂದರು. ಅಪ್ಪನ ಹೆಬ್ಬೆಟ್ಟು ಕಂಡದ್ದೇ ಕೂಗಿಕೊಂಡರು.

"ಎಬ್ಬೆಟ್ಟು ಒತ್ತಿಸ್ಕಂಡ್ಯೇನ್ಲಾ? ಪತ್ರ ಎಲ್ಲದೆ, ತಗೀಲಾ! ಪಟ ಬರೆಯೋ ನೆಪದಲ್ಲಿ ನಮ್ಮಣ್ಣ ಕಳಿಸವ್ನಾ ನಿನ್ನ?"

ನನ್ನ ಬಣ್ಣದ ಪೆಟ್ಟಿಗೆಯನ್ನು ನೆಲಕ್ಕೆ ಸುರಿದರು. ಉರುಳಿದ ಟ್ಯೂಬುಗಳನ್ನು ನಾನು ಆಯತೊಡಗಿದೆ. ಅಜ್ಜ ನಕ್ಕರು.

"ಲೇ, ನಾನೇನು ಎಬ್ಬೆಟ್ಟು ಒತ್ತೋನಾ? ರಾತ್ರಿ ಶಾಲೇಲಿ ಅಕ್ಷರ ಕಲ್ತು ಸೊಸೈಟೀಲಿ ಇಪ್ಪತ್ತು ವರ್ಸ ರುಜು ಆಕಿವ್ನಿ. ನನ್ನ ಎಬ್ಬೆಟ್ಟು ತಕ್ಕೊಂಡು ಯಾವನ್ಗೇನಾಗ್ಬೇಕು? ಓಗು, ಅಸಕ್ಕೆ ನೀರಿಡೋಗು."

ಕಿರಿಯರು ಕ್ಯಾನ್ ಎತ್ತಿಕೊಂಡರು. ಆದರೆ ಹೋಗುವಾಗ ನನ್ನತ್ತ ಬೀರಿದ ನೋಟ ಹಾಗೇ ಇತ್ತು. ಅನ್ಯಾಯವಾಗಿ ಅನುಮಾನಿಸಿದರಲ್ಲಾ ಎಂದು ನನಗೆ ಸಿಟ್ಟು. ಆ ಸಿಟ್ಟೇ ಮುಂದೆ ನನ್ನ ಕಣ್ಣಿಗೆ ಮಂಕು ಕವಿಸಿತು.

ಎರಡು ದಿನದ ಮೇಲೆ ಹಿರಿಯರು ಹಳೆಯದೊಂದು ಸೊಸೈಟಿ ರಸೀದಿ ತಂದರು. ಅದರಲ್ಲಿ ಅಜ್ಜನ ರುಜು ಇತ್ತು. ಕೊನೆಯ ಅಕ್ಷರದ ಬಾಲ ಕುಡುಗೋಲಿನಂತೆ ಬಾಗಿತ್ತು.

"ಪಟದ ಕೆಳಗೆ ಅಪ್ಪನ ರುಜೂನೂ ಇರ್ಲಿ ಅಂತ ಆಸೆ ಕಣಪ್ಪ. ಅವ್ರಿಗೆ ಈಗ ಕೈ ನಡುಗ್ತದೆ. ನೀನೇ ಇದ್ನ ನೋಡ್ಕಂಡು ಬರಿ. ಮೊದ್ಲು ಹಾಳೇಲಿ ಅಭ್ಯಾಸ ಮಾಡು."

ಕಡ್ಡಿಪುಡಿಯಂಥ ಕಂದು ಬಣ್ಣದ ಒರಟು ಕಾಗದದಲ್ಲಿ ಹತ್ತಾರು ಸಲ ಬರೆದೆ. ಕೈ ಕೂತಿತು. ಆಮೇಲೆ ಅವರು ಒಂದು ದೊಡ್ಡ ಬಿಳಿ ಹಾಳೆ ಮುಂದಿಟ್ಟರು. "ಇದ್ರಲ್ಲೊಂದು ಚೆಂದಾಗಿ ಆಕು. ಇಲ್ಲಿ, ತಳಕ್ಕೆ." ಅಷ್ಟು ದೊಡ್ಡ ಹಾಳೆಯಲ್ಲಿ ತಳಕ್ಕೇ ಏಕೆ? ಪೆನ್ನು ಒಂದು ಗಳಿಗೆ ನಿಂತಿತು. ಕೇಳಬಹುದಿತ್ತು. ಕೇಳಿದರೆ ಕೆಲಸ ಹೋದೀತೆಂಬ ಹೆದರಿಕೆಯೊಂದು. ನನ್ನ ಕೈ ಯಾರ ಕೈಯನ್ನಾದರೂ ಹೋಲಬಲ್ಲದು ಎಂಬ ಗರ್ವ ಇನ್ನೊಂದು. ಬರೆದೆ. ಅವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

ಹತ್ತನೆಯ ದಿನ ಚಿತ್ರ ಮುಗಿಯಿತು. "ರುಜು ಎಲ್ಲಿ ಹಾಕಲಿ?" ಎಂದೆ. "ಬುಡಪ್ಪ, ಪಟ ಇಂಗೇ ಲಕ್ಷಣವಾಗದೆ," ಎಂದರು ಹಿರಿಯರು. ಎಲ್ಲಾ ಅರ್ಥವಾಯಿತು. ಆದರೂ ತುಟಿ ಬಿಚ್ಚದೆ ಬಸ್ಸು ಹತ್ತಿದೆ.

ಒಂದು ವರ್ಷವಾದ ಮೇಲೆ ನಂಜನಗೂಡಿನ ನನ್ನ ಕೋಣೆಯ ಬಾಗಿಲಿಗೆ ಕಿರಿಯರು ಬಂದರು. ಅಜ್ಜ ತೀರಿಕೊಂಡಿದ್ದರು. ಕೈಯಲ್ಲೊಂದು ಜೆರಾಕ್ಸ್ ಪ್ರತಿ. ನಾಲೆ ಪಕ್ಕದ ಗದ್ದೆಯನ್ನು ಪೂರ್ತಿ ಹಿರಿಯ ಮಗನಿಗೆ ಬರೆದಿಟ್ಟ ವಿಲ್ಲು. ತಳದಲ್ಲಿ ಕುಡುಗೋಲಿನ ಬಾಲ.

"ಅವತ್ತು ನಿನ್ನ ಮೇಲೆ ಕೂಗಾಡಿದ್ದು ತಪ್ಪಾಯ್ತು," ಎಂದರು. "ನೀನು ಹತ್ತು ದಿನ ಅಪ್ಪನ ಎದುರಿಗೆ ಕೂತಿದ್ದೋನು. ಪಟ ಬರೆಯೋ ಕಣ್ಣು ನಿಂದು, ಇದು ಯಾರ ಕೈ ಅಂತ ನಿನಗೆ ಗೊತ್ತಾಯ್ತದೆ. ನಿಜ ಏಳು, ಇದು ಅಪ್ಪಂದಾ?"

ನಾನು ತಪ್ಪು ಮಾಡದಿದ್ದಾಗ ನನ್ನನ್ನು ಕಳ್ಳನೆಂದಿದ್ದ ಮನುಷ್ಯ, ತಪ್ಪು ಮಾಡಿದ ಮೇಲೆ ನಂಬಿ ಬಂದು ಕೂತಿದ್ದರು.

"ಅಲ್ಲ. ನನ್ನದು," ಎಂದೆ.

ಹೊಡೆಯುತ್ತಾರೆಂದುಕೊಂಡೆ. ಅವರು ಕಾಗದ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಆಮೇಲೆ, "ನಾಲ್ಕು ಜನದ ಮುಂದೆ ಇದ್ನೇ ಏಳ್ತೀಯಾ?" ಎಂದರು. ನಾಳೆ ಕಾನ್‌ಸ್ಟೇಬಲ್ ಬಂದರೆ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ.

ಊರ ಹಿರಿಯರು ಅರಳೀಕಟ್ಟೆಯ ಮೇಲೆ ಸೇರಿದ್ದರು. ನಾನು ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಹಿರಿಯ ಮಗ ಎದ್ದು ನಿಂತರು. "ಎಲ್ಲಿಂದ್ಲೋ ಬಂದ ಸಿಲೋನ್‌ನೋನ ಮಾತು ನಂಬ್ತೀರಾ? ನನ್ನ ತಮ್ಮ ಇವನ್ಗೆ ಏಳ್ಕೊಟ್ಟು ಕರ್ಕಂಬಂದವ್ನೆ!" ಹಲವರು ತಲೆಯಾಡಿಸಿದರು. ಮುದುಕರೊಬ್ಬರು ಮಾತ್ರ ನನ್ನ ಕಡೆ ಪೆನ್ನು ಚಾಚಿ, "ಆಕು ನೋಡಾನ," ಎಂದರು. ರಸೀದಿ ನೋಡದೆ ಐದು ಸಲ ಹಾಕಿದೆ. ಹಾಳೆ ಕೈಯಿಂದ ಕೈಗೆ ದಾಟಿತು. ಹಿರಿಯ ಮಗ ಟವೆಲ್ ಕೊಡವಿಕೊಂಡು ಹೊರಟುಹೋದರು. ವಾರದೊಳಗೆ ವಿಲ್ಲು ವಾಪಸಾಯಿತು, ಗದ್ದೆ ಎರಡು ಪಾಲಾಯಿತು.

ಸುದ್ದಿ ನನಗಿಂತ ಮೊದಲೇ ನಂಜನಗೂಡು ಮುಟ್ಟಿತ್ತು. ಕಾನ್‌ಸ್ಟೇಬಲ್ ಈಗ ಡಬ್ಬಿ ಮೂಸಲಿಲ್ಲ, ಪೆನ್ನುಗಳನ್ನು ಎಣಿಸಿದರು. ಮನೆ ಮಾಲೀಕರು ಕೋಣೆ ಖಾಲಿ ಮಾಡಿಸಿದರು. ನರಸೀಪುರದ ಪೇಟೆಯಲ್ಲಿ ನನಗೆ ಜಾಗ ಹುಡುಕಿಕೊಟ್ಟವರು ಆ ಕಿರಿಯರೇ. ಅಲ್ಲಿ ಆರು ವರ್ಷ ಇದ್ದು ಸಂಗಮದ ದಡದ ದೋಣಿಗಳನ್ನು, ಬನ್ನೂರಿನ ಭತ್ತದ ಬಯಲನ್ನು, ಒಂದಿಷ್ಟು ಮುಖಗಳನ್ನು ಬರೆದೆ. ಮೈಸೂರಿನಲ್ಲಿ ನನ್ನ ಮೊದಲ ಪ್ರದರ್ಶನ ನಡೆದದ್ದು ಆ ಚಿತ್ರಗಳಿಂದಲೇ.

ಹಬ್ಬಕ್ಕೆ ಕಿರಿಯರ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಒಮ್ಮೆ ಊಟದ ನಡುವೆ ಡೈರಿಯಿಂದ ಯಾರೋ ರುಜುವಿಗೆ ಪುಸ್ತಕ ತಂದರು. ಕಿರಿಯರು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಿ, ಕೈ ತೊಳೆದು, ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗಿ ರುಜು ಹಾಕಿ ಬಂದರು. ನಾನು ತಲೆ ಬಗ್ಗಿಸಿ ಉಣ್ಣುತ್ತಾ ಹೋದೆ.